ಬೀದಿ ಕಲಿಸದ ಭಾಷೆ: ದಿನಕ್ಕಿಷ್ಟು ಕಾರ್ಡು, ಮನೆಯಲ್ಲೇ ಫ್ರೆಂಚ್

ಎಲ್ಲರಿಗೂ ನಮಸ್ಕಾರ.

ಕೋಲಾರದವರಿಗೆ ಭಾಷೆ ಕಲಿಯುವುದು ಹೊಸ ವಿಷಯವಲ್ಲ. ಇಲ್ಲಿ ಕೂತಿರುವವರಲ್ಲಿ ಬರೀ ಕನ್ನಡ ಮಾತ್ರ ಬರುವವರು ಎಷ್ಟು ಜನ? ಕೈ ಎತ್ತಿ ಅಂದರೆ ಬಹಳ ಕೈ ಏಳುವುದಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್ ಕಡೆ ಹೋದರೆ ತಮಿಳು, ಪೇಟೆಯಲ್ಲಿ ಉರ್ದು. ನಮ್ಮ ಎಪಿಎಂಸಿಯ ಟೊಮೆಟೊ ಮಂಡಿಯಲ್ಲಿ ಹರಾಜು ನಡೆಯುವಾಗ ಸ್ವಲ್ಪ ಹೊತ್ತು ನಿಂತು ಕೇಳಿ. ಒಬ್ಬನೇ ಮನುಷ್ಯ ರೈತನ ಹತ್ತಿರ ಒಂದು ಭಾಷೆ, ಲಾರಿ ಡ್ರೈವರ್ ಹತ್ತಿರ ಇನ್ನೊಂದು, ಹೊರಗಿನ ವ್ಯಾಪಾರಿ ಹತ್ತಿರ ಮತ್ತೊಂದು ಭಾಷೆ ಆಡುತ್ತಾನೆ. ಯಾವುದನ್ನೂ ಅವನು ಕ್ಲಾಸಿಗೆ ಹೋಗಿ ಕಲಿತಿಲ್ಲ. ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ಹಲವು ಭಾಷೆ ಮಾತಾಡುತ್ತಿದ್ದ, ಅವನ ನೆನಪಿನ ಶಕ್ತಿ ದೊಡ್ಡದಿತ್ತು ಎಂದು ಚರಿತ್ರೆ ಬರೆದವರು ಹೇಳುತ್ತಾರೆ.

ಹಾಗಾದರೆ ಫ್ರೆಂಚ್ ಮಾತ್ರ ಯಾಕೆ ಕಷ್ಟ? ಉತ್ಸಾಹದಿಂದ ಪುಸ್ತಕ ಕೊಂಡವರು ಎರಡೇ ತಿಂಗಳಲ್ಲಿ ಯಾಕೆ ಬಿಟ್ಟುಬಿಡುತ್ತಾರೆ? ‘ನನಗೆ ತಲೆ ಇಲ್ಲ’ ಎಂದು ಬಹಳ ಜನ ಹೇಳುವುದನ್ನು ಕೇಳಿದ್ದೇನೆ. ಆ ಮಾತು ನನಗೆ ನಿಜವಾಗಿಯೂ ನೋವು ಕೊಡುತ್ತದೆ. ನಾಲ್ಕು ಭಾಷೆ ಆಡುವವರಿಗೆ ತಲೆ ಇಲ್ಲ ಅಂದರೆ ಹೇಗೆ?

ಕಾರಣ ಬೇರೆ ಇದೆ. ತೆಲುಗಿನ ‘ಎಂತ’, ಅಂದರೆ ‘ಎಷ್ಟು’, ಅನ್ನುವ ಮಾತು ಇಲ್ಲಿನ ಮಗುವಿನ ಕಿವಿಗೆ ಇವತ್ತು ಬೀಳುತ್ತದೆ, ನಾಳೆ ಬೀಳುತ್ತದೆ, ಮುಂದಿನ ವಾರ ಸಂತೆಯಲ್ಲಿ ಬೀಳುತ್ತದೆ. ಮರೆಯುವುದಕ್ಕೆ ಬೀದಿ ಬಿಡುವುದೇ ಇಲ್ಲ. ಫ್ರೆಂಚ್ ಪದವನ್ನು ಇವತ್ತು ಓದಿದಿರಿ ಅಂದುಕೊಳ್ಳಿ. ಅದನ್ನು ಕೋಲಾರದಲ್ಲಿ ಮತ್ತೆ ಯಾರು ಹೇಳುತ್ತಾರೆ? ಯಾರೂ ಇಲ್ಲ. ಬೀದಿ ಮಾಡುತ್ತಿದ್ದ ಆ ಕೆಲಸವನ್ನು ಯಾರಾದರೂ ಮಾಡಬೇಕು. ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ ಇರುವ ಫ್ಲ್ಯಾಶ್‌ಕಾರ್ಡ್ ಮಾಡುವುದು ಅದನ್ನೇ.

ಮರೆವಿನ ಬಗ್ಗೆ ಸ್ವಲ್ಪ ಹೇಳಬೇಕು. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ 1885ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿದ. ಪ್ರಯೋಗಕ್ಕೆ ಒಳಗಾದವನೂ ಅವನೇ. ಅರ್ಥವೇ ಇಲ್ಲದ ಉಚ್ಚಾರಗಳ ಪಟ್ಟಿ ಮಾಡಿ ಬಾಯಿಪಾಠ ಮಾಡುತ್ತಿದ್ದ. ಸ್ವಲ್ಪ ಹೊತ್ತು ಬಿಟ್ಟು ಅದೇ ಪಟ್ಟಿಯನ್ನು ಮತ್ತೆ ಕಲಿಯುವಾಗ ಶ್ರಮ ಎಷ್ಟು ಉಳಿಯಿತು ಎಂದು ಅಳೆಯುತ್ತಿದ್ದ. 20 ನಿಮಿಷದ ನಂತರ ಸುಮಾರು 58 ಪರ್ಸೆಂಟ್ ಉಳಿತಾಯ. ಒಂದು ದಿನಕ್ಕೆ ಸುಮಾರು 34. ಒಂದು ತಿಂಗಳಿಗೆ 21. ಈ ಮೂರು ಅಂಕಿಗಳನ್ನು ಸರಿಯಾಗಿ ನೋಡಿ. ಹೆಚ್ಚಿನ ನಷ್ಟ ಮೊದಲ ದಿನವೇ ಆಗಿಹೋಗುತ್ತದೆ. ಆಮೇಲೆ ಇಳಿಯುವುದು ನಿಧಾನ. ಅಂದರೆ ಹೊಸ ಪದವನ್ನು ಮಾರನೇ ದಿನವೇ ಒಮ್ಮೆ ನೋಡಬೇಕು. ಅದಾದ ಮೇಲೆ ಅಂತರ ಹೆಚ್ಚಿಸುತ್ತಾ ಹೋಗಬಹುದು.

ಇನ್ನೊಂದು ಪ್ರಯೋಗ 2006ರದು, ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಮಾಡಿದ್ದು. ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು. ಕೆಲವರು ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಲೆಕ್ಕ ತಿರುಗಿತು. ಪುಸ್ತಕ ಮುಚ್ಚಿ ಬರೆದವರಿಗೆ ಜಾಸ್ತಿ ನೆನಪಿತ್ತು. ನಮ್ಮ ಮಕ್ಕಳು ಪರೀಕ್ಷೆಯ ಹಿಂದಿನ ರಾತ್ರಿ ಪುಟ ತಿರುವಿ ತಿರುವಿ ಓದುತ್ತಾರಲ್ಲ, ಆಗ ‘ಎಲ್ಲ ಬಂತು’ ಅನ್ನಿಸುತ್ತದೆ. ಬಂದಂತೆ ಅನ್ನಿಸುವುದೇ ಬೇರೆ, ವಾರದ ನಂತರ ಬಾಯಿಗೆ ಬರುವುದೇ ಬೇರೆ. ಕಾರ್ಡಿನ ಒಂದು ಬದಿ ನೋಡಿ, ಇನ್ನೊಂದು ಬದಿ ಏನಿದೆ ಎಂದು ಯೋಚಿಸುವ ಆ ಕೆಲವು ಸೆಕೆಂಡುಗಳಲ್ಲೇ ಕಲಿಕೆ ನಡೆಯುತ್ತದೆ. ದಯವಿಟ್ಟು ಬೇಗ ತಿರುಗಿಸಬೇಡಿ.

ಈ ಎರಡನ್ನೂ ಜೋಡಿಸಿದ ಸರಳ ವಿಧಾನವನ್ನು 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಜನಪ್ರಿಯ ಮಾಡಿದರು. ಐದು ಖಾನೆಯ ಒಂದು ಪೆಟ್ಟಿಗೆ. ಹೊಸ ಕಾರ್ಡು ಮೊದಲ ಖಾನೆಗೆ. ಸರಿ ಹೇಳಿದರೆ ಮುಂದಿನ ಖಾನೆಗೆ ಹೋಗುತ್ತದೆ. ತಪ್ಪಿದರೆ ಯಾವ ಖಾನೆಯಲ್ಲಿದ್ದರೂ ಮೊದಲನೆಯದಕ್ಕೆ ವಾಪಸ್. ಮೊದಲ ಖಾನೆಯನ್ನು ದಿನಾ ನೋಡಿ, ಎರಡನೆಯದನ್ನು ಎರಡು ದಿನಕ್ಕೊಮ್ಮೆ, ಮುಂದಿನದನ್ನು ನಾಲ್ಕು, ಎಂಟು, ಹದಿನಾರು ದಿನಕ್ಕೊಮ್ಮೆ ನೋಡಿದರೆ ಸಾಕು. ಖರ್ಚು ಏನೂ ಇಲ್ಲ. ಮನೆಯಲ್ಲಿ ಹಳೇ ಲಗ್ನಪತ್ರಿಕೆ ರಾಶಿ ಬಿದ್ದಿರುತ್ತದೆ ಅಲ್ವಾ, ಅದರ ಖಾಲಿ ಬದಿಯನ್ನು ಕತ್ತರಿಸಿ ಎರಡೆರಡು ಅಂಟಿಸಿದರೆ ಒಳ್ಳೆ ಗಟ್ಟಿ ಕಾರ್ಡು. ಪೆಟ್ಟಿಗೆಗೆ ಚಪ್ಪಲಿ ಡಬ್ಬ ಸಾಕು.

ಫೋನ್ ಇರುವವರಿಗೆ ಆಂಕಿ ಎಂಬ ಫ್ಲ್ಯಾಶ್‌ಕಾರ್ಡ್ ಆ್ಯಪ್ ಇದೆ. ಪೋಲೆಂಡಿನ ಪಿಯೋತ್ರ್ ವೋಜ್ನಿಯಾಕ್ ಈ ಅಂತರದ ಲೆಕ್ಕವನ್ನು 1980ರ ದಶಕದಲ್ಲಿ ಕಂಪ್ಯೂಟರಿಗೆ ಹಾಕಿದರು. ಅದೇ ದಾರಿಯಲ್ಲಿ 2006ರಲ್ಲಿ ಡೇಮಿಯನ್ ಎಲ್ಮ್ಸ್ ಆಂಕಿಯನ್ನು ಹೊರತಂದರು. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ಉಚಿತ. ಐಫೋನಿಗೆ ಮಾತ್ರ ದುಡ್ಡು ಕೊಡಬೇಕು. ಯಾವ ಕಾರ್ಡು ಯಾವತ್ತು ಬರಬೇಕು ಎಂದು ಅದೇ ಲೆಕ್ಕ ಹಾಕುತ್ತದೆ. ಉತ್ತರ ನೋಡಿದ ಮೇಲೆ ಅಗೇನ್, ಹಾರ್ಡ್, ಗುಡ್, ಈಸಿ ಎಂಬ ನಾಲ್ಕು ಬಟನ್ ಇರುತ್ತವೆ. ಇಲ್ಲಿ ಒಂದು ಎಚ್ಚರ ಬೇಕು. ಮರೆತಿದ್ದರೆ ಅಗೇನ್ ಒತ್ತಬೇಕು. ಬೇಜಾರಾಗುತ್ತದೆ ಎಂದು ಹಾರ್ಡ್ ಒತ್ತಬಾರದು. ‘ನೆನಪಿತ್ತು, ಆದರೆ ಕಷ್ಟ ಆಯಿತು’ ಎಂದು ಹಾರ್ಡಿನ ಅರ್ಥ. ಸುಳ್ಳು ಉತ್ತರ ಕೊಟ್ಟರೆ ಲೆಕ್ಕವೆಲ್ಲ ಕೆಡುತ್ತದೆ.

ಈಗ ಕಾರ್ಡಿನ ಮೇಲೆ ಏನು ಬರೆಯಬೇಕು? ಇದರ ಬಗ್ಗೆ ನನಗೆ ಹೇಳುವುದು ಬಹಳ ಇದೆ.

ಮೊದಲನೆಯ ಮಾತು. ಕಾರ್ಡಿನ ಇನ್ನೊಂದು ಬದಿ ಕನ್ನಡದಲ್ಲಿರಲಿ. ನಿಮ್ಮ ಮನೆಮಾತು ತೆಲುಗಾದರೆ ತೆಲುಗಿನಲ್ಲಿರಲಿ. ರೆಡಿಮೇಡ್ ಸಿಗುವ ಕಾರ್ಡುಗಳೆಲ್ಲ ಹೆಚ್ಚಾಗಿ ಇಂಗ್ಲಿಷಿನವು. ಅದರಿಂದ ನಮ್ಮವರು ಎರಡು ಸಲ ದಾಟಬೇಕಾಗುತ್ತದೆ: ಫ್ರೆಂಚಿನಿಂದ ಇಂಗ್ಲಿಷಿಗೆ, ಅಲ್ಲಿಂದ ಮನಸ್ಸಿಗೆ. ಎಷ್ಟೋ ಕಡೆ ಇಂಗ್ಲಿಷಿಗಿಂತ ಕನ್ನಡವೇ ಫ್ರೆಂಚಿಗೆ ಹತ್ತಿರ ಇದೆ. ‘ತ್ಯು’ ಮತ್ತು ‘ವು’ ಎಂಬ ವ್ಯತ್ಯಾಸವನ್ನು ಇಂಗ್ಲಿಷಿನವರಿಗೆ ಪುಟಗಟ್ಟಲೆ ವಿವರಿಸಬೇಕು. ನಮಗೆ ನೀನು, ನೀವು ಎಂದರೆ ಮುಗಿಯಿತು. ‘ಇಲ್ ಮ ಫೋ ದ ಲಾರ್ಝಾಂ’ ಅಂದರೆ ನನಗೆ ದುಡ್ಡು ಬೇಕು. ‘ಮ’ ಅನ್ನುವುದು ನಮ್ಮ ‘ನನಗೆ’ ಇದ್ದ ಹಾಗೆ ನಿಲ್ಲುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಇಂಗ್ಲಿಷ್ ಗಟ್ಟಿಯಾಗಲಿ ಎಂದು ಕಾಯಬೇಕಾಗಿಲ್ಲ. ನೇರ ಫ್ರೆಂಚಿಗೆ ಹೋಗಬಹುದು.

ಎರಡನೆಯದು ಲಿಂಗ. ಕನ್ನಡದಲ್ಲಿ ಮೇಜು, ಪುಸ್ತಕ ಎಲ್ಲ ‘ಅದು’. ಫ್ರೆಂಚಿನಲ್ಲಿ ಪುಸ್ತಕ ಪುಲ್ಲಿಂಗ, ‘ಲ ಲೀವ್ರ್’. ಮೇಜು ಸ್ತ್ರೀಲಿಂಗ, ‘ಲಾ ತಾಬ್ಲ್’. ಯಾಕೆ ಹೀಗೆ ಎಂದು ಪ್ರತಿ ಪದಕ್ಕೂ ಕಾರಣ ಹುಡುಕುತ್ತಾ ಕೂರಬೇಡಿ. ಪದವನ್ನು ಒಂಟಿಯಾಗಿ ಬರೆಯದೆ ಮುಂದಿನ ಲ, ಲಾ ಸೇರಿಸಿಯೇ ಕಾರ್ಡು ಮಾಡಿ. ಸ್ವರದಿಂದ ಶುರುವಾಗುವ ಪದಗಳಲ್ಲಿ ಇದೂ ಸಾಲದು. ಮರಕ್ಕೆ ‘ಲಾರ್ಬ್ರ್’ ಅನ್ನುತ್ತಾರೆ. ಕಿವಿಗೆ ‘ಲಾ’ ಇದ್ದಂತೆ ಕೇಳುತ್ತದೆ, ಆದರೆ ಅದು ಪುಲ್ಲಿಂಗ. ಅಂಥ ಕಡೆ ‘ಒಂದು ಮರ’, ‘ಒಂದು ಶಾಲೆ’ ಎಂದು ಬರೆಯಿರಿ. ಮರ ‘ಅಂ ನಾರ್ಬ್ರ್’, ಶಾಲೆ ‘ಯೂನ್ ಏಕೊಲ್’. ಆಗ ಲಿಂಗ ಮುಚ್ಚಿಹೋಗುವುದಿಲ್ಲ.

ಮೂರನೆಯದು ಧ್ವನಿ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಅರ್ಧ ವ್ಯರ್ಥ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಫ್ರೆಂಚಿನಲ್ಲಿ ಬರೆಯುವುದೊಂದು, ಓದುವುದೊಂದು. ಪದದ ಕೊನೆಯ ಎಷ್ಟೋ ಅಕ್ಷರಗಳು ಬಾಯಿಗೆ ಬರುವುದಿಲ್ಲ. ನಾನು ಮಾತಾಡುತ್ತೇನೆ ‘ಝ ಪಾರ್ಲ್’, ನೀನು ಮಾತಾಡುತ್ತೀಯ ‘ತ್ಯು ಪಾರ್ಲ್’, ಅವರು ಮಾತಾಡುತ್ತಾರೆ ‘ಇಲ್ ಪಾರ್ಲ್’. ಬರವಣಿಗೆಯಲ್ಲಿ ಮೂರೂ ಬೇರೆ, ಕಿವಿಗೆ ಮೂರೂ ‘ಪಾರ್ಲ್’. ‘ವೆರ್’ ಎಂದು ಕೇಳಿದರೆ ಹಸಿರು ಇರಬಹುದು, ಗಾಜು ಇರಬಹುದು, ಹುಳು ಇರಬಹುದು, ‘ಕಡೆಗೆ’ ಎಂಬ ಅರ್ಥವೂ ಇರಬಹುದು. ಅದಕ್ಕೇ ಒಂಟಿ ಪದದ ಕಾರ್ಡಿಗಿಂತ ಸಣ್ಣ ವಾಕ್ಯದ ಕಾರ್ಡು ಒಳ್ಳೆಯದು. ವಾಕ್ಯದಲ್ಲಿ ಒಂದು ಪದ ಮಾತ್ರ ಖಾಲಿ ಬಿಡಿ. ಒಂದು ಕಾರ್ಡು ಒಂದೇ ವಿಷಯ ಕೇಳಲಿ.

ಉಚ್ಚಾರಣೆಯಲ್ಲಿ ನಮಗೆ ದೊಡ್ಡ ಅನುಕೂಲ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಫ್ರೆಂಚಿನ ತ, ದ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವವು, ನಮ್ಮ ತ, ದ ಇದ್ದ ಹಾಗೇ. ಪ, ತ, ಕ ಹೇಳುವಾಗ ಉಸಿರು ಜೋರಾಗಿ ಹೊರಬರುವುದಿಲ್ಲ. ಅದೂ ನಮ್ಮ ಹಾಗೇ. ಇಂಗ್ಲಿಷಿನವರು ಇದಕ್ಕೆ ತಿಣುಕುತ್ತಾರೆ. ನಮಗೆ ಹೊಸದು ಎಂದರೆ ‘ತ್ಯು’ವಿನಲ್ಲಿ ಬರುವ ಸ್ವರ. ತುಟಿಯನ್ನು ‘ಉ’ ಹೇಳುವಂತೆ ಗುಂಡಗೆ ಮಾಡಿ, ಒಳಗಿನಿಂದ ‘ಇ’ ಹೇಳಿ. ಅದು ಸಿಕ್ಕಿತು. ಆಮೇಲೆ ಮೂಗಿನ ಸ್ವರಗಳು. ‘ವಾಂ’ ಎಂದರೆ ಗಾಳಿ, ‘ವೋಂ’ ಎಂದರೆ ಹೋಗುತ್ತಾರೆ, ‘ವ್ಯಾಂ’ ಎಂದರೆ ದ್ರಾಕ್ಷಾರಸ. ಕೊನೆಗೆ ತುಟಿ ಮುಚ್ಚಬಾರದು, ನಾಲಿಗೆಯೂ ಎಲ್ಲೂ ತಾಗಬಾರದು. ನಾನು ಈಗ ಕನ್ನಡ ಅಕ್ಷರದಲ್ಲಿ ತೋರಿಸಿದ್ದು ಅಂದಾಜು ಮಾತ್ರ. ಈ ಸದ್ದುಗಳು ನಮ್ಮ ಲಿಪಿಯಲ್ಲಿ ಪೂರ್ತಿ ಕೂರುವುದಿಲ್ಲ. ಆದ್ದರಿಂದ ಕಾರ್ಡಿನ ಮೇಲೆ ಕನ್ನಡದಲ್ಲಿ ಉಚ್ಚಾರಣೆ ಬರೆದುಕೊಳ್ಳುವ ಅಭ್ಯಾಸ ಬೇಡ. ಫೊರ್ವೊ ಎಂಬ ತಾಣದಲ್ಲಿ ಆ ಭಾಷೆಯವರೇ ಹೇಳಿದ ಪದಗಳ ರೆಕಾರ್ಡಿಂಗ್ ಸಿಗುತ್ತದೆ. ಅದನ್ನು ಆಂಕಿ ಕಾರ್ಡಿಗೆ ಸೇರಿಸಿ. ವಾಂ, ವೋಂ, ವ್ಯಾಂ ಮೂರನ್ನೂ ಧ್ವನಿ ಮಾತ್ರ ಕೇಳಿಸುವ ಕಾರ್ಡು ಮಾಡಿ, ಯಾವುದು ಎಂದು ಗುರುತಿಸಿ. ಕೆಲವು ವಾರ ಮಾಡಿದರೆ ಒಂದೇ ಥರ ಕೇಳುತ್ತಿದ್ದದ್ದು ಬೇರೆ ಬೇರೆಯಾಗಿ ಕೇಳಲು ಶುರುವಾಗುತ್ತದೆ. ಆ ದಿನದ ಸಂತೋಷವೇ ಬೇರೆ.

ದಿನಕ್ಕೆ ಎಷ್ಟು? ಆಂಕಿ ತಾನಾಗಿ 20 ಹೊಸ ಕಾರ್ಡು ಕೊಡುತ್ತದೆ. ಕೆಲಸಕ್ಕೆ ಹೋಗುವವರಿಗೆ ಅದು ಜಾಸ್ತಿ. ಹೊಸದು ಹತ್ತು ಎಂದರೆ ಸ್ವಲ್ಪ ವಾರ ಕಳೆದ ಮೇಲೆ ಹಳೆಯವು ದಿನಕ್ಕೆ 70ರಿಂದ 100ರವರೆಗೆ ಬರತೊಡಗುತ್ತವೆ. ಮೊದಲ ವಾರದ ಹುರುಪಿನಲ್ಲಿ ದಿನಕ್ಕೆ 50 ಹಾಕಿಕೊಂಡವರು ಮುಂದಿನ ತಿಂಗಳ ರಾಶಿ ನೋಡಿ ಓಡಿಹೋಗುತ್ತಾರೆ. ಹತ್ತೇ ಸಾಕು. ವರ್ಷಕ್ಕೆ 3,650 ಆಗುತ್ತದೆ. ಇನ್ನು ಎಷ್ಟು ನೆನಪಿರಬೇಕು ಎಂದು ಹೊಸ ಆಂಕಿಯಲ್ಲಿ ನಾವೇ ಹೇಳಬಹುದು. ನೂರಕ್ಕೆ 90 ಎಂದು ಇರುವುದನ್ನು ಹಾಗೇ ಬಿಡಿ. 97ಕ್ಕೆ ಏರಿಸಿದರೆ ಸ್ವಲ್ಪ ಲಾಭಕ್ಕೆ ಕೆಲಸ ಬಹಳ ಹೆಚ್ಚುತ್ತದೆ. ಸ್ವಲ್ಪ ಮರೆಯಲಿ, ಪರವಾಗಿಲ್ಲ.

ಪದೇ ಪದೇ ತಪ್ಪುವ ಕಾರ್ಡು ಇದ್ದರೆ, ಎಂಟು ಸಲ ಮರೆತ ಮೇಲೆ ಆಂಕಿ ಅದಕ್ಕೆ ಗುರುತು ಹಾಕುತ್ತದೆ. ಅದನ್ನೇ ಹಟ ಹಿಡಿದು ನೋಡುತ್ತಾ ಕೂರಬೇಡಿ. ಬೇರೆ ವಾಕ್ಯದಲ್ಲಿ ಹೊಸದಾಗಿ ಬರೆಯಿರಿ.

ಸಮಯ ಎಲ್ಲಿದೆ ಎಂದು ಕೇಳುವವರಿಗೆ: ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುವವರು ಇಲ್ಲಿ ಇದ್ದೀರಿ. ಸೀಟು ಸಿಗದಿದ್ದರೂ ಒಂದು ಕೈಯಲ್ಲಿ ಕಾರ್ಡು ನೋಡಬಹುದು. ನೆಟ್‌ವರ್ಕ್ ಬೇಕಾಗಿಲ್ಲ. ಮನೆಯಲ್ಲಿರುವವರು ಬೆಳಿಗ್ಗೆ ಹಾಲು ಕಾಯುವಷ್ಟರಲ್ಲಿ ಇಪ್ಪತ್ತು ನೋಡಬಹುದು. ಕಾರ್ಡನ್ನು ಒಂದೇ ಸಲ ಕೂತು ಮುಗಿಸಬೇಕೆಂಬ ನಿಯಮ ಇಲ್ಲ. ಹಬ್ಬ, ಮದುವೆ, ಜ್ವರ ಬಂದು ಕೆಲವು ದಿನ ಬಿಟ್ಟುಹೋದರೆ ಹೊಸ ಕಾರ್ಡು ನಿಲ್ಲಿಸಿ, ಹಳೇ ರಾಶಿಯನ್ನು ದಿನಕ್ಕಿಷ್ಟು ಎಂದು ಕರಗಿಸಿ. ಅಳಿಸಿ ಮೊದಲಿನಿಂದ ಶುರು ಮಾಡುವುದು ಮಾತ್ರ ಬೇಡ. ಕಲಿತದ್ದು ಅಷ್ಟು ಬೇಗ ಪೂರ್ತಿ ಹೋಗುವುದಿಲ್ಲ ಎಂದು ಎಬಿಂಗ್‌ಹೌಸನ ಲೆಕ್ಕವೇ ಹೇಳುತ್ತದೆ. ತಿಂಗಳಾದರೂ ಐದರಲ್ಲಿ ಒಂದು ಪಾಲು ಉಳಿದಿತ್ತು, ಅದೂ ಅರ್ಥವಿಲ್ಲದ ಪಟ್ಟಿಯಲ್ಲಿ.

ಕಾರ್ಡಿನಿಂದ ಆಗದ ಕೆಲಸವೂ ಇದೆ. ಎದುರಿಗಿರುವವರ ಮಾತಿಗೆ ತಕ್ಷಣ ಉತ್ತರ ಕೊಡುವುದನ್ನು ಕಾರ್ಡು ಕಲಿಸುವುದಿಲ್ಲ. ಅದಕ್ಕೆ ಕೇಳಬೇಕು, ಬಾಯಿ ಬಿಡಬೇಕು. ಫ್ರಾನ್ಸಿನ ಆರ್‌ಎಫ್‌ಐ ರೇಡಿಯೊ ಕಲಿಯುವವರಿಗೆಂದೇ ಸುಲಭ ಫ್ರೆಂಚಿನಲ್ಲಿ ಸುದ್ದಿ ಕೊಡುತ್ತದೆ. ಸಾವಿರ ಪದ ಆಗುವವರೆಗೆ ಕಾಯದೆ ಮೊದಲ ತಿಂಗಳಿಂದಲೇ ಕೇಳಿ. ನಿನ್ನೆ ಕಾರ್ಡಿನಲ್ಲಿ ನೋಡಿದ ಪದ ಸುದ್ದಿಯಲ್ಲಿ ತಟ್ಟನೆ ಕೇಳಿದರೆ ಅದು ಮತ್ತೆ ಮರೆಯುವುದಿಲ್ಲ. ಕಲಿತದ್ದಕ್ಕೆ ಸರ್ಟಿಫಿಕೇಟ್ ಬೇಕಾದವರಿಗೆ ಡೆಲ್ಫ್ ಪರೀಕ್ಷೆ ಇದೆ. ಎ1ರಿಂದ ಬಿ2ವರೆಗೆ ನಾಲ್ಕು ಹಂತ. ಬೆಂಗಳೂರಿನ ವಸಂತನಗರದಲ್ಲಿರುವ, ಫ್ರೆಂಚ್ ಕಲಿಸುವ ಸಂಸ್ಥೆಯಾದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಅದರ ವಿವರ ಸಿಗುತ್ತದೆ. ಓದು ಮನೆಯಲ್ಲೇ ಮಾಡಿ, ಪರೀಕ್ಷೆಗೆ ಮಾತ್ರ ಹೋಗಿ ಬರಬಹುದು.

ಇಲ್ಲಿ ಮೇಜಿನ ಮೇಲೆ ಖಾಲಿ ಕಾರ್ಡುಗಳನ್ನೂ ಕತ್ತರಿ, ಅಂಟನ್ನೂ ಇಟ್ಟಿದ್ದೇನೆ. ಒಬ್ಬೊಬ್ಬರು ಹತ್ತು ತೆಗೆದುಕೊಳ್ಳಿ. ಪದಗಳನ್ನು ನಾನು ಬೋರ್ಡಿನ ಮೇಲೆ ಬರೆಯುತ್ತೇನೆ, ಕನ್ನಡದ ಬದಿಯನ್ನು ನೀವೇ ಬರೆಯಿರಿ. ಫೋನಿಗೆ ಆಂಕಿ ಹಾಕಿಕೊಳ್ಳುವವರು ಬಲಗಡೆ ಕೂತುಕೊಳ್ಳಿ, ಸೆಟ್ಟಿಂಗ್ ಒಟ್ಟಿಗೆ ಮಾಡೋಣ. ಅದಕ್ಕೆ ಮೊದಲು ಪ್ರಶ್ನೆ ಇದ್ದವರು ಕೇಳಿ.