ಒಬ್ಬರೇ ಇದ್ದ ಊರಲ್ಲಿ ಜನಗಣತಿಗೆ ಸಿಕ್ಕಿದ್ದು ಇಬ್ಬರು!

[ಪರದೆ: ಹುಲ್ಲುಗಾವಲು, ನಡುವೆ ಖಾಲಿ ಹೆದ್ದಾರಿ, ರಸ್ತೆ ಬದಿಗೆ ಒಂದೇ ಒಂದು ತೆರೆದ ಅಂಗಡಿ]

ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ಮೊನೊವೈ ಅಂತ ಒಂದು ಊರಿದೆ. 2010ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ 1. ಆ ಒಬ್ಬರ ಹೆಸರು ಎಲ್ಸಿ ಐಲರ್. ಊರಿನ ಮೇಯರ್ ಅವರೇ, ಕ್ಲರ್ಕ್ ಅವರೇ, ಖಜಾಂಚಿ ಅವರೇ, ಊರಲ್ಲಿರೋ ಒಂದೇ ಬಾರ್‌ನ ಮಾಲೀಕರೂ ಅವರೇ. ಹತ್ತು ವರ್ಷ ಕಳೆದು 2020ರ ಜನಗಣತಿ ಅಂಕಿ ಹೊರಬಂತು. ಮೊನೊವೈ ಜನಸಂಖ್ಯೆ: 2.

ಹೊಸದಾಗಿ ಯಾರೂ ಬಂದಿರಲಿಲ್ಲ. ಪತ್ರಕರ್ತರು ಫೋನ್ ಮಾಡಿದಾಗ ಎಲ್ಸಿ ಅವರೇ ತಿರುಗಿ ಕೇಳಿದ್ರು, ಆ ಇನ್ನೊಬ್ಬರು ಯಾರಪ್ಪ ಅಂತ.

ಇದು ಗಣತಿದಾರರ ಎಡವಟ್ಟಲ್ಲ. ಬೇಕಂತಲೇ ಸೇರಿಸಿದ ಅಂಕಿ. ಯಾಕೆ ಅನ್ನೋದಕ್ಕೆ ಬರ್ತೀನಿ. ಅದಕ್ಕೂ ಮೊದಲು ಒಂದು ಊರು ಒಬ್ಬರಿಗೆ ಇಳಿದದ್ದು ಹೇಗೆ ಅಂತ ನೋಡೋಣ.

[ಪರದೆ: ನಕ್ಷೆ. ನೆಬ್ರಾಸ್ಕಾದ ಈಶಾನ್ಯ ಅಂಚು, ಬಾಯ್ಡ್ ಕೌಂಟಿ, ಆಚೆಗೆ ಸೌತ್ ಡಕೋಟಾ]

ಮೊನೊವೈ ಹುಟ್ಟಿದ್ದು ರೈಲಿನಿಂದ. 1902ರಲ್ಲಿ ರೈಲು ಹಳಿ ಅಲ್ಲಿವರೆಗೆ ಬಂತು, ಜೊತೆಗೇ ಸೈಟು ಗುರುತು ಮಾಡಿ ಊರಿನ ನಕ್ಷೆ ಹಾಕಿದ್ರು. ಮಿಡ್‌ವೆಸ್ಟ್‌ನ, ಅಂದ್ರೆ ಅಮೆರಿಕದ ನಡುಭಾಗದ, ಎಷ್ಟೋ ಊರುಗಳ ಕಥೆ ಹೀಗೇ. ಅಲ್ಲಿ ಊರಿದೆ ಅಂತ ರೈಲು ಹೋಗಲಿಲ್ಲ, ರೈಲು ಹೋಯ್ತು ಅಂತ ಊರು ಬಂತು. ಒಂದು ನಿಲ್ದಾಣಕ್ಕೂ ಇನ್ನೊಂದಕ್ಕೂ ನಡುವೆ ಇರ್ತಿದ್ದದ್ದು ಹತ್ತು ಹದಿನೈದು ಕಿಲೋಮೀಟರ್ ಅಷ್ಟೇ. ರೈತ ಕುದುರೆ ಗಾಡಿಯಲ್ಲಿ ಮೆಕ್ಕೆಜೋಳ ತಂದು, ಮಾರಿ, ಕತ್ತಲಾಗೋದರೊಳಗೆ ಮನೆ ಸೇರಬೇಕಲ್ಲ, ಅದೇ ಲೆಕ್ಕ.

ಲಾರಿ, ಕಾರು ಬಂದ ಮೇಲೆ ಆ ಲೆಕ್ಕ ಕೆಟ್ಟಿತು. ಐವತ್ತು ಕಿಲೋಮೀಟರ್ ದೂರದ ಪೇಟೆಗೆ ಮುಕ್ಕಾಲು ಗಂಟೆಯಲ್ಲಿ ಹೋಗೋಕೆ ಆಗೋದಾದ್ರೆ, ಹತ್ತು ಕಿಲೋಮೀಟರ್‌ಗೊಂದು ದಿನಸಿ ಅಂಗಡಿ ಯಾರಿಗೆ ಬೇಕು?

ಅದಕ್ಕಿಂತ ದೊಡ್ಡ ಪೆಟ್ಟು ಟ್ರ್ಯಾಕ್ಟರ್‌ನದು. 1862ರ ಹೋಮ್‌ಸ್ಟೆಡ್ ಕಾಯ್ದೆ ಒಂದು ಕುಟುಂಬಕ್ಕೆ ಕೊಡ್ತಿದ್ದದ್ದು 160 ಎಕರೆ. ನಮ್ಮ ಕಣ್ಣಿಗೆ ಅದು ಜಮೀನ್ದಾರಿಕೆ! ಆದ್ರೆ ಮಳೆ ಕಡಿಮೆ ಇರೋ ಆ ಬಯಲಿನಲ್ಲಿ ಅಷ್ಟರಲ್ಲಿ ಸಂಸಾರ ತೂಗಿಸೋದು ಕಷ್ಟ ಅಂತ ಬೇಗ ಗೊತ್ತಾಯ್ತು. ಯಂತ್ರ ಬಂದ ಮೇಲೆ ಒಬ್ಬನೇ ಸಾವಿರ ಎಕರೆ ನೋಡಿಕೊಳ್ಳಬಹುದು. ಇವತ್ತು ನೆಬ್ರಾಸ್ಕಾದ ಒಂದು ಹೊಲದ ಸರಾಸರಿ ವಿಸ್ತೀರ್ಣ ಹೆಚ್ಚುಕಡಿಮೆ ಅಷ್ಟೇ ಇದೆ. ಅಂದ್ರೆ ಆರು ಮನೆ ಇದ್ದ ಜಾಗದಲ್ಲಿ ಈಗ ಒಂದು ಮನೆ. ಭೂಮಿ ಪಾಳು ಬಿದ್ದಿಲ್ಲ, ಬೆಳೆಯೂ ಕಮ್ಮಿಯಾಗಿಲ್ಲ. ಹಳ್ಳಿ ಖಾಲಿಯಾಯ್ತು ಅಂದ ತಕ್ಷಣ ಬರಗಾಲ, ಬಡತನ ಅಂತ ನಾವು ಊಹಿಸ್ತೀವಿ, ಇಲ್ಲಿ ಬಹುಪಾಲು ಆಗಿದ್ದು ಅದಲ್ಲ. ಕೃಷಿಗೆ ಅಷ್ಟು ಜನ ಬೇಡವಾದ್ರು.

[ಪರದೆ: ಅಂಕಿಗಳು ಒಂದೊಂದಾಗಿ: 150, 18, 2, 1]

1930ರ ದಶಕದಲ್ಲಿ ಮೊನೊವೈನಲ್ಲಿ 150 ಜನ ಇದ್ರು ಅಂತಾರೆ. ಆಮೇಲೆ ಒಂದೊಂದೇ ಬಾಗಿಲು ಮುಚ್ಚಿತು. ಚರ್ಚ್‌ನಲ್ಲಿ ಕೊನೆಯ ಶವಸಂಸ್ಕಾರ 1960ರಲ್ಲಿ, ಅದು ಎಲ್ಸಿ ಅವರ ತಂದೆಯದೇ. 1967ರಿಂದ 1970ರೊಳಗೆ ಅಂಚೆ ಕಚೇರಿ ಹೋಯ್ತು, ಕೊನೆಯ ದಿನಸಿ ಅಂಗಡಿ ಹೋಯ್ತು. 1974ರಲ್ಲಿ ಶಾಲೆ. ಶಾಲೆ ಮುಚ್ಚಿದ ಊರಿಗೆ ಮಕ್ಕಳಿರೋ ಯಾರು ಬರ್ತಾರೆ ಹೇಳಿ? 1980ರಲ್ಲಿ 18 ಜನ. 2000ದಲ್ಲಿ ಇಬ್ಬರು, ಎಲ್ಸಿ ಮತ್ತು ಅವರ ಪತಿ ರೂಡಿ. 2004ರಲ್ಲಿ ರೂಡಿ ತೀರಿಕೊಂಡ್ರು.

ರೂಡಿಗೆ ಓದೋ ಹುಚ್ಚು. ಅವರ ಹೆಸರಲ್ಲಿ ಒಂದು ಪುಟ್ಟ ಕಟ್ಟಡದಲ್ಲಿ ಸುಮಾರು 5,000 ಪುಸ್ತಕಗಳ ಗ್ರಂಥಾಲಯ ಇದೆ. ತಲಾ ಪುಸ್ತಕದ ಲೆಕ್ಕದಲ್ಲಿ ಮೊನೊವೈಯನ್ನ ಮೀರಿಸೋ ಊರು ಸಿಗೋದು ಕಷ್ಟ.

ಈಗ ನಿಮಗೊಂದು ಪ್ರಶ್ನೆ ಬರಬೇಕು. ಒಬ್ಬರೇ ಇರೋ ಜಾಗವನ್ನ ತೋಟದ ಮನೆ ಅಂತೀವಿ, ಊರು ಅಂತ ಯಾಕೆ ಅನ್ನಬೇಕು? ನಮ್ಮಲ್ಲಿ ಗ್ರಾಮ ಅನ್ನೋದು ಕಂದಾಯದ ಲೆಕ್ಕ. ಜನ ಬಿಟ್ಟುಹೋದ್ರೂ ಪಹಣಿಯಲ್ಲಿ ಹೆಸರು ಉಳಿಯುತ್ತೆ, ಬೇಚರಾಕ್ ಗ್ರಾಮ ಅಂತ ಬರೀತಾರೆ. ನೆಬ್ರಾಸ್ಕಾದಲ್ಲಿ ವಿಲೇಜ್ ಅಂದ್ರೆ ಒಂದು ಸ್ಥಳೀಯ ಸರ್ಕಾರ. ಜನ ಸೇರಿ ಅರ್ಜಿ ಹಾಕಿ, ನೋಂದಣಿ ಮಾಡಿಸಿ, ತೆರಿಗೆ ಹಾಕೋ ಅಧಿಕಾರ ಪಡೆದಿರಬೇಕು. ಆ ಅಧಿಕಾರ ಉಳಿಸಿಕೊಳ್ಳೋಕೆ ಕಾಗದಪತ್ರ ನಡೀತಾ ಇರಬೇಕು.

[ಪರದೆ: ಒಂದೇ ಮೇಜು, ಮೂರು ಕುರ್ಚಿ, ಒಂದೇ ಫೈಲು ಸುತ್ತು ಹಾಕೋ ಅನಿಮೇಷನ್]

ಎಲ್ಸಿ ಅದನ್ನ ಚಾಚೂ ತಪ್ಪದೆ ನಡೆಸಿದ್ರು. ರಾಜ್ಯದಿಂದ ರಸ್ತೆ ಹಣ ಬರಬೇಕಾದ್ರೆ ವರ್ಷಾವರ್ಷ ಊರಿನ ರಸ್ತೆ ಯೋಜನೆ ಸಲ್ಲಿಸಬೇಕು, ಸಲ್ಲಿಸಿದ್ರು. ಬೀದಿ ದೀಪಕ್ಕೆ, ನೀರಿಗೆ ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡ್ರು, ವರ್ಷಕ್ಕೆ ಸುಮಾರು 500 ಡಾಲರ್. ಚುನಾವಣೆ ಬಂದ್ರೆ ಬಾರ್‌ನಲ್ಲಿ ನೋಟಿಸ್ ಅಂಟಿಸಿ, ತಮಗೇ ವೋಟು. ಮದ್ಯದ ಲೈಸೆನ್ಸ್ ಕಾಗದ ರಾಜ್ಯದಿಂದ ಊರಿನ ಕಚೇರಿಗೆ ಬರುತ್ತೆ. ಕಾರ್ಯದರ್ಶಿಯಾಗಿ ಅದನ್ನ ತಗೊಂಡು, ಕ್ಲರ್ಕ್ ಆಗಿ ಸಹಿ ಹಾಕಿ, ಬಾರ್ ಮಾಲೀಕರಾಗಿ ತಮ್ಮ ಕೈಗೇ ಕೊಟ್ಟುಕೊಂಡ್ರು. ಲಂಚ ಕೇಳೋರಿಲ್ಲ, ನಾಳೆ ಬನ್ನಿ ಅನ್ನೋರಿಲ್ಲ!

ಈ ಊರಿನ ಬಗ್ಗೆ ಬಂದಿರೋ ವಿಡಿಯೋಗಳಲ್ಲಿ ಹಿನ್ನೆಲೆಗೆ ಪಿಟೀಲು ಹಾಕಿ, ಒಂಟಿ ಅಜ್ಜಿ ಅಂತ ಕಣ್ಣೀರು ತರಿಸೋದು ಜಾಸ್ತಿ. ನನಗೆ ಅದು ಸರಿ ಕಾಣಲ್ಲ. ಅವರ ಬಾರ್‌ಗೆ ಸುತ್ತಲಿನ ರೈತರು, ಲಾರಿ ಡ್ರೈವರ್‌ಗಳು, ಕುತೂಹಲಕ್ಕೆ ಬರೋ ಪ್ರವಾಸಿಗರು ಎಲ್ಲ ಬರ್ತಿದ್ರು. ಮಲಗೋಕೆ ಮೊನೊವೈನಲ್ಲಿ ಒಬ್ಬರೇ, ಊಟದ ಹೊತ್ತಿಗಲ್ಲ.

ಸರಿ, ಆ ಎರಡನೆಯವರ ವಿಷಯಕ್ಕೆ ಬರೋಣ.

ಅಮೆರಿಕದ ಕಾನೂನು ಪ್ರಕಾರ ಜನಗಣತಿಯಲ್ಲಿ ನೀವು ಕೊಟ್ಟ ವಿವರ 72 ವರ್ಷ ಗುಟ್ಟಾಗಿರಬೇಕು. 1950ರ ಹಾಳೆಗಳು ಜನರ ಕೈಗೆ ಸಿಕ್ಕಿದ್ದು 2022ರಲ್ಲಿ. ಹೆಸರು ಬಿಟ್ಟು ಬರೀ ಒಟ್ಟು ಅಂಕಿ ಪ್ರಕಟಿಸಿದ್ರೆ ಗುಟ್ಟು ಉಳಿದ ಹಾಗೆ ಅಲ್ವಾ? ಮೊನೊವೈನಲ್ಲಿ ಉಳಿಯಲ್ಲ. ಜನಸಂಖ್ಯೆ 1 ಅಂತಾದ ಮೇಲೆ, ಆ ಊರಿನ ಮಹಿಳೆಯರು ಎಷ್ಟು, ಜನಾಂಗ ಯಾವುದು, ಮಧ್ಯಮ ವಯಸ್ಸು ಎಷ್ಟು ಅನ್ನೋ ಪ್ರತಿಯೊಂದು ಕೋಷ್ಟಕವೂ ಒಬ್ಬರದೇ ಜಾತಕ.

ಇದು ಸುಮ್ಮನೆ ಹುಟ್ಟಿಕೊಂಡ ಭಯವೂ ಅಲ್ಲ. 1942ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಲ್ಲಿ, ಅಮೆರಿಕದಲ್ಲಿದ್ದ ಜಪಾನಿ ಮೂಲದವರನ್ನ ಮನೆ ಬಿಡಿಸಿ ಶಿಬಿರಗಳಿಗೆ ಸಾಗಿಸುವಾಗ, ಅವರು ಯಾವ ಪ್ರದೇಶದಲ್ಲಿ ಎಷ್ಟಿದ್ದಾರೆ ಅಂತ ಸೇನೆಗೆ ಲೆಕ್ಕ ಕೊಟ್ಟದ್ದು ಜನಗಣತಿ ಬ್ಯೂರೋ. ಸಣ್ಣ ಸಣ್ಣ ಪ್ರದೇಶಗಳ ಅಂಕಿಯೇ ಆಗ ಆಯುಧವಾಯ್ತು. ಇತ್ತೀಚೆಗೆ ಕಂಪ್ಯೂಟರ್‌ಗಳು ಇನ್ನೂ ಮುಂದೆ ಹೋಗಿವೆ. 2010ರ ಪ್ರಕಟಿತ ಕೋಷ್ಟಕಗಳನ್ನೇ ಒಂದಕ್ಕೊಂದು ತಾಳೆ ಹಾಕಿ, ಎಷ್ಟೋ ಜನರ ವಿವರವನ್ನ ಹಿಂದಿನಿಂದ ಕಟ್ಟಿಬಿಡಬಹುದು ಅಂತ ಬ್ಯೂರೋದ ತಜ್ಞರೇ ತೋರಿಸಿದ್ರು.

[ಪರದೆ: ರಾಜ್ಯದ ಅಂಕಿಗೆ ಬೀಗದ ಚಿತ್ರ, ಊರುಗಳ ಅಂಕಿ ಮಾತ್ರ ಅಲುಗಾಡ್ತಾ ಇದೆ]

ಅದಕ್ಕೇ 2020ರಲ್ಲಿ ಡಿಫರೆನ್ಷಿಯಲ್ ಪ್ರೈವಸಿ ಅನ್ನೋ ವಿಧಾನ ತಂದ್ರು. ಪ್ರಕಟಿಸೋ ಮೊದಲು ಅಂಕಿಗಳಿಗೆ ಗಣಿತದ ಸೂತ್ರದ ಪ್ರಕಾರ ಒಂದಿಷ್ಟು ಕಲಬೆರಕೆ. ಒಂದು ಕಡೆ ಒಂದೆರಡು ಕೂಡುತ್ತೆ, ಇನ್ನೊಂದು ಕಡೆ ಕಳೆಯುತ್ತೆ. ಯಾವ ಊರಿಗೆ ಎಷ್ಟು ಅನ್ನೋದು ಯಾದೃಚ್ಛಿಕ. ರಾಜ್ಯದ ಒಟ್ಟು ಜನಸಂಖ್ಯೆಯನ್ನ ಮಾತ್ರ ಮುಟ್ಟಲ್ಲ, ಯಾಕಂದ್ರೆ ಸಂಸತ್ತಿನ ಕೆಳಮನೆಯಲ್ಲಿ ರಾಜ್ಯಕ್ಕೆಷ್ಟು ಸೀಟು ಅನ್ನೋದು ಅದರಿಂದಲೇ ತೀರ್ಮಾನ. ನೆಬ್ರಾಸ್ಕಾದ ಒಟ್ಟು ಬದಲಾಗಬಾರದು ಅಂದ ಮೇಲೆ, ಮೊನೊವೈಗೆ ಕೂಡಿದ್ದು ಆ ರಾಜ್ಯದಲ್ಲೇ ಇನ್ನೆಲ್ಲೋ ಕಳೆದಿರಬೇಕು. ಎಲ್ಸಿ ಅವರ ಆ ನೆರೆಮನೆಯವರು ಒಂದು ಸೂತ್ರದ ಮಗು.

ವಿರೋಧವೂ ಬಂತು. 2021ರಲ್ಲಿ ಅಲಬಾಮಾ ರಾಜ್ಯ, ತಿದ್ದಿದ ಅಂಕಿ ಇಟ್ಟುಕೊಂಡು ಕ್ಷೇತ್ರ ವಿಂಗಡಣೆ ಮಾಡೋದು ಹೇಗೆ ಅಂತ ಕೋರ್ಟ್‌ಗೆ ಹೋಯ್ತು. ಕೋರ್ಟ್ ಒಪ್ಪಲಿಲ್ಲ. ನನ್ನ ಮಟ್ಟಿಗೆ ಬ್ಯೂರೋ ಮಾಡಿದ್ದು ಸರಿ. ಆದ್ರೆ ಮೊನೊವೈನಲ್ಲಿ ಅದು ತಮಾಷೆಯಾಯ್ತು. ಯಾರ ಗುರುತು ಮುಚ್ಚೋಕೆ ಅಷ್ಟು ಗಣಿತ ಮಾಡಿದ್ರೋ, ಅವರ ಹೆಸರು, ಫೋಟೋ, ಕಥೆ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಾಗಿತ್ತು.

ತೀರಾ ಸಣ್ಣ ಜಾಗದ ಅಂಕಿಯನ್ನ ಒಂದೊಂದಾಗಿ ನಂಬಬೇಡಿ, ಹಲವನ್ನ ಸೇರಿಸಿ ನೋಡಿ ಅಂತ ಬ್ಯೂರೋನೇ ಹೇಳುತ್ತೆ. ಹಾಗೇ ನೋಡೋಣ. ಮೊನೊವೈ ಇರೋ ಬಾಯ್ಡ್ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) 1910ರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ಇದ್ರು. 2020ರಲ್ಲಿ 1,810. ಇದರಲ್ಲಿ ನಾಲ್ಕೈದು ಜನ ಆಚೀಚೆ ಆಗಿರಬಹುದು. ಆರು ಸಾವಿರಕ್ಕೂ ಹೆಚ್ಚು ಜನ ಕಡಿಮೆಯಾದದ್ದಂತೂ ಯಾವ ಸೂತ್ರದ್ದೂ ಕೈವಾಡ ಅಲ್ಲ.