ಬೊಜ್ಜಿಗೆ ಬಾಯಿ ಒಂದೇ ಕಾರಣ ಅಲ್ಲ

ಕೇಳುಗರೇ, ನಮಸ್ಕಾರ.

ಮೈ ಸ್ವಲ್ಪ ತುಂಬಿಕೊಂಡರೆ ಸಾಕು, ನಮ್ಮ ಬೆಂಗಳೂರಿನಲ್ಲಿ ಬುದ್ಧಿ ಹೇಳುವವರಿಗೆ ಬರವಿಲ್ಲ. ಅನ್ನ ಬಿಡಿ, ಮುದ್ದೆ ತಿನ್ನಿ, ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಎರಡು ಸುತ್ತು ಹಾಕಿ. ಮದುವೆ ಊಟಕ್ಕೆ ಕೂತು ಎಲೆಗೆ ಒಬ್ಬಟ್ಟು ಬಿದ್ದ ಹೊತ್ತಿಗೇ ಯಾರೋ ದೊಡ್ಡಮ್ಮ "ಬಾಯಿ ಕಟ್ಟು ಮಗಾ" ಅಂದುಬಿಡುತ್ತಾರೆ. ಆ ಮಾತು ಸುಳ್ಳು ಅಂತಲ್ಲ. ಊಟ, ಓಡಾಟ, ಇವೇ ದೊಡ್ಡ ಕಾರಣಗಳು. ಆದರೆ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಊಟ, ನೀರು, ಗಾಳಿಯ ಜೊತೆ ಮೈ ಸೇರುವ ಕೆಲವು ರಾಸಾಯನಿಕಗಳ ಕೈಯೂ ಇದರಲ್ಲಿ ಇರಬಹುದು ಅನ್ನುವ ಅನುಮಾನ ವಿಜ್ಞಾನಿಗಳಿಗೆ ಸುಮಾರು 20 ವರ್ಷಗಳಿಂದ ಇದೆ.

ಮೊದಲು ಕೊಬ್ಬಿನ ಕೋಶದ ವಿಷಯ. 2008ರಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯವರು ಬಹಳ ಜಾಣತನದ ಒಂದು ಅಧ್ಯಯನ ಪ್ರಕಟಿಸಿದರು. ಹಿಂದೆ, 1950–60ರ ದಶಕಗಳಲ್ಲಿ, ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಒಂದು ಬಗೆಯ ವಿಕಿರಣಶೀಲ ಇಂಗಾಲ ಜಾಸ್ತಿಯಾಗಿತ್ತು. ಆಹಾರದ ಮೂಲಕ ಅದು ಎಲ್ಲರ ಮೈಗೂ ಸೇರಿತ್ತು. ಅದನ್ನೇ ಅಳೆದು ಕೊಬ್ಬಿನ ಕೋಶ ಯಾವಾಗ ಹುಟ್ಟಿತು ಅಂತ ಕಂಡುಹಿಡಿದರು. ಕೋಶಗಳ ಸಂಖ್ಯೆ ಬಾಲ್ಯ ಮತ್ತು ಹರೆಯದಲ್ಲೇ ಹೆಚ್ಚುಕಡಿಮೆ ನಿಶ್ಚಯವಾಗಿಬಿಡುತ್ತದೆ. ಆಮೇಲೆ ವರ್ಷಕ್ಕೆ ಸುಮಾರು ನೂರಕ್ಕೆ 10ರಷ್ಟು ಸಾಯುತ್ತವೆ, ಅಷ್ಟೇ ಹೊಸದಾಗಿ ಹುಟ್ಟುತ್ತವೆ. ದೊಡ್ಡವರು ಕಷ್ಟಪಟ್ಟು ತೂಕ ಇಳಿಸಿದರೆ ಕೋಶ ಕುಗ್ಗುತ್ತದೆ, ಸಂಖ್ಯೆ ಮಾತ್ರ ಇಳಿಯುವುದಿಲ್ಲ.

ಹಾಗಾದರೆ ಈ ಸಂಖ್ಯೆಯನ್ನು ಏರಿಸುವವರು ಯಾರು? ನಮ್ಮ ದೇಹದಲ್ಲಿ ಕೆಲವು ಕಾಂಡಕೋಶಗಳಿವೆ. ಅವು ಮೂಳೆಯ ಕೋಶವೂ ಆಗಬಹುದು, ಕೊಬ್ಬಿನ ಕೋಶವೂ ಆಗಬಹುದು. ಪಿಯುಸಿ ಮುಗಿಸಿ ಯಾವ ಕೋರ್ಸು ಅಂತ ತೋಚದೆ ನಿಂತ ಹುಡುಗನ ಹಾಗೆ. ಯಾರು ಜೋರಾಗಿ ತಳ್ಳುತ್ತಾರೋ ಆ ಕಡೆ. ಕೊಬ್ಬಿನ ಕಡೆ ತಳ್ಳುವ ಮುಖ್ಯ ಸ್ವಿಚ್ಚು ಕೋಶದೊಳಗಿನ ಒಂದು ಪ್ರೋಟೀನ್, ಹೆಸರು ಪಿಪಿಎಆರ್ ಗಾಮಾ. ಸಕ್ಕರೆ ಕಾಯಿಲೆಗೆ ಕೊಡುವ ಪಿಯೊಗ್ಲಿಟಜೋನ್ ಮಾತ್ರೆ ಕೆಲಸ ಮಾಡುವುದೂ ಇದೇ ಸ್ವಿಚ್ಚಿನ ಮೇಲೆ. ಅದನ್ನು ತೆಗೆದುಕೊಳ್ಳುವ ಕೆಲವರಿಗೆ ತೂಕ ಏರುವುದು ಡಾಕ್ಟರುಗಳಿಗೆ ಗೊತ್ತಿರುವ ವಿಷಯ. ಹಾಗಂತ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ ಮತ್ತೆ!

ಈ ಸ್ವಿಚ್ಚನ್ನು ಹೊರಗಿನ ಕೊಳಕೂ ಒತ್ತಬಲ್ಲದು ಅಂತ 2006ರಲ್ಲಿ ತೋರಿಸಿದವರು ಕ್ಯಾಲಿಫೋರ್ನಿಯಾದ ಬ್ರೂಸ್ ಬ್ಲಂಬರ್ಗ್ ಮತ್ತು ಫೆಲಿಕ್ಸ್ ಗ್ರೂನ್. ಇಂಥ ರಾಸಾಯನಿಕಗಳಿಗೆ ಅವರಿಟ್ಟ ಹೆಸರು ಒಬೆಸೋಜೆನ್, ಅಂದರೆ ಬೊಜ್ಜು ಹುಟ್ಟಿಸುವಂಥದ್ದು. ಅವರು ನೋಡಿದ್ದು ಟ್ರೈಬ್ಯುಟೈಲ್‌ಟಿನ್ ಅನ್ನುವ ತವರದ ಸಂಯುಕ್ತ. ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಅಂಟದಿರಲಿ ಅಂತ ಬಣ್ಣದಲ್ಲಿ ಬೆರೆಸುತ್ತಿದ್ದರು. ಬಸುರಿ ಇಲಿಗಳಿಗೆ ಇದನ್ನು ಕೊಟ್ಟಾಗ ಹುಟ್ಟಿದ ಮರಿಗಳಲ್ಲಿ ಕೊಬ್ಬು ಜಾಸ್ತಿ ಇತ್ತು. 2013ರಲ್ಲಿ ಬ್ಲಂಬರ್ಗ್ ತಂಡ ಇನ್ನೊಂದು ಸಂಗತಿ ಹೇಳಿತು. ರಾಸಾಯನಿಕ ಕೊಟ್ಟಿದ್ದು ಮೊದಲ ತಾಯಿಗೆ ಮಾತ್ರ. ಪರಿಣಾಮ ಮರಿಮೊಮ್ಮಕ್ಕಳ ತಲೆಮಾರಿನಲ್ಲೂ ಕಂಡಿತು. ನನಗೆ ನಿಜವಾಗಿ ದಿಗಿಲು ಹುಟ್ಟಿಸುವುದು ಇದೇ.

ಸಮುದ್ರವೇ ಇಲ್ಲದ ಬೆಂಗಳೂರಿಗೂ ಹಡಗಿನ ಬಣ್ಣಕ್ಕೂ ಏನು ಸಂಬಂಧ ಅಂತೀರಾ? ನೇರವಾಗಿ ಜಾಸ್ತಿ ಇಲ್ಲ. ಆ ಬಣ್ಣಕ್ಕೆ 2008ರಿಂದ ಅಂತರರಾಷ್ಟ್ರೀಯ ನಿಷೇಧವೂ ಇದೆ. ಆದರೆ ಅನುಮಾನದ ಪಟ್ಟಿಯಲ್ಲಿ ಮನೆಯೊಳಗಿನ ಹೆಸರುಗಳೂ ಇವೆ. ನಿಮ್ಮ ಅಡುಗೆಮನೆಯ 20 ಲೀಟರ್ ನೀರಿನ ಕ್ಯಾನ್ ಖಾಲಿಯಾದಾಗ ತಿರುಗಿಸಿ ನೋಡಿ. ತಳದಲ್ಲಿ ತ್ರಿಕೋನದೊಳಗೆ 7 ಅಂತ ಇದ್ದರೆ ಅದು ಪಾಲಿಕಾರ್ಬೊನೇಟ್ ಇರಬಹುದು. ಆ ಪ್ಲಾಸ್ಟಿಕ್ ಮಾಡಲು ಬೇಕಾಗುವುದು ಅನುಮಾನದ ಪಟ್ಟಿಯಲ್ಲಿರುವ ಬಿಸ್ಫೆನಾಲ್ ಎ. ಬಿಸಿಲಲ್ಲಿ ಕಾದಷ್ಟೂ, ಗೀರು ಬಿದ್ದು ಹಳತಾದಷ್ಟೂ ಕ್ಯಾನು ಇದನ್ನು ನೀರಿಗೆ ಬಿಡುವುದು ಹೆಚ್ಚು. ನಮ್ಮ ಕ್ಯಾನುಗಳು ಮಧ್ಯಾಹ್ನವೆಲ್ಲ ಟೆಂಪೋದಲ್ಲಿ, ಅಂಗಡಿ ಮುಂದಿನ ಫುಟ್‌ಪಾತಿನಲ್ಲಿ ಹೇಗೆ ಒಣಗುತ್ತಿರುತ್ತವೆ ಅಂತ ನೀವೇ ನೋಡಿದ್ದೀರಲ್ವಾ? ಸೂಪರ್ ಮಾರ್ಕೆಟ್ಟಿನ ನುಣುಪು ಬಿಲ್ಲಿನ ಕಾಗದದಲ್ಲೂ ಈ ಬಿಸ್ಫೆನಾಲ್ ಎ, ಇಲ್ಲವೇ ಅದರ ದಾಯಾದಿ ಬಿಸ್ಫೆನಾಲ್ ಎಸ್ ಇರಬಹುದು. 2023ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಬಿಸ್ಫೆನಾಲ್ ಎ ದಿನಕ್ಕೆ ಎಷ್ಟಿರಬಹುದು ಅನ್ನುವ ಮಿತಿಯನ್ನು 20,000 ಪಟ್ಟು ಇಳಿಸಿತು. ಅದು ಬೊಜ್ಜಿಗಾಗಿ ಅಲ್ಲ, ರೋಗನಿರೋಧಕ ಶಕ್ತಿಯ ಮೇಲಿನ ಪರಿಣಾಮಕ್ಕಾಗಿ. ಸುಮ್ನೆ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಬಾರದು ನೋಡಿ.

ಇಲಿಯಲ್ಲಿ ಕಂಡಿದ್ದೆಲ್ಲ ಮನುಷ್ಯರಿಗೂ ಹೊಂದುತ್ತದೆ ಅಂತಿಲ್ಲ. ಮನುಷ್ಯರಲ್ಲಿ ಗಟ್ಟಿಯಾಗಿ ಕಂಡಿರುವುದು ಸಿಗರೇಟಿನ ನಂಟು. ಬಸುರಿಯಲ್ಲಿ ತಾಯಿ ಸಿಗರೇಟು ಸೇದಿದರೆ ಮಗು ಕಡಿಮೆ ತೂಕದಲ್ಲಿ ಹುಟ್ಟುವ, ಮುಂದೆ ದಪ್ಪಗಾಗುವ ಸಂಭವ ಹೆಚ್ಚು. ನ್ಯೂಯಾರ್ಕಿನಲ್ಲಿ ಬಸುರಿಯರ ಬೆನ್ನಿಗೆ ಗಾಳಿ ಅಳೆಯುವ ಚೀಲ ಕೊಟ್ಟು ನೋಡಿದ್ದರು. ಇಂಧನ ಉರಿದಾಗ ಬರುವ ಹೊಗೆಯಲ್ಲಿರುವ ಪಿಎಎಚ್ ಅನ್ನುವ ರಾಸಾಯನಿಕಗಳು ಜಾಸ್ತಿ ಸಿಕ್ಕ ತಾಯಂದಿರ ಮಕ್ಕಳಲ್ಲಿ 5 ಮತ್ತು 7ನೇ ವಯಸ್ಸಿಗೆ ಬೊಜ್ಜು ಹೆಚ್ಚು ಕಂಡಿತು. 2012ರಲ್ಲಿ ಪ್ರಕಟವಾದ ಅಧ್ಯಯನ ಇದು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಆಟೋದಲ್ಲಿ ಕೂತ ಬಸುರಿ ಹೆಂಗಸನ್ನು ನೋಡಿದಾಗ ನನಗೆ ಇದೇ ನೆನಪಾಗುವುದು.

ನಮ್ಮ ಮನೆಗಳಲ್ಲಿ ಬಸುರಿಯನ್ನು ಚೆನ್ನಾಗೇ ಕಾಯುತ್ತೇವೆ. ಪಪ್ಪಾಯ ಬೇಡ, ಗ್ರಹಣದಲ್ಲಿ ಹೊರಗೆ ಬರಬೇಡ. ಅದೇ ಹುಡುಗಿಗೆ ಆಸೆಯಾಯಿತು ಅಂತ ಕುದಿಯುವ ಸಾಂಬಾರನ್ನು ತೆಳ್ಳನೆ ಕವರಿನಲ್ಲಿ ಗಂಟು ಹಾಕಿಸಿ ತರುತ್ತೇವೆ. ಬಿಸಿ ಮತ್ತು ಎಣ್ಣೆ ಸೇರಿದರೆ ಪ್ಲಾಸ್ಟಿಕ್ಕಿನಿಂದ ರಾಸಾಯನಿಕ ಜಾಸ್ತಿ ಹೊರಬರುತ್ತದೆ. ರಾಜ್ಯದಲ್ಲಿ ಪ್ಲಾಸ್ಟಿಕ್ ಕವರಿಗೆ 2016ರಿಂದಲೇ ನಿಷೇಧ ಇದೆ. ಇದ್ದೂ ಇಲ್ಲದ ಹಾಗೆ. ಒಂದು ಸ್ಟೀಲ್ ಡಬ್ಬಿ ಹಿಡಿದುಕೊಂಡು ಹೋದರೆ ಹೋಟೆಲಿನವರು ಬೇಡ ಅನ್ನುವುದಿಲ್ಲ.

ಇಷ್ಟು ಕೇಳಿಸಿಕೊಂಡ ಮೇಲೆ ಯಾರಾದರೂ ಮೈಯ ವಿಷ ತೆಗೆಯುವ ಡಿಟಾಕ್ಸ್ ಪುಡಿ ಮಾರಲು ಬಂದರೆ ದಯವಿಟ್ಟು ದುಡ್ಡು ಕೊಡಬೇಡಿ. ಬಿಸ್ಫೆನಾಲ್ ಎ ಒಂದೆರಡು ದಿನದಲ್ಲಿ ಮೂತ್ರದ ಜೊತೆ ತಾನಾಗೇ ಹೋಗುತ್ತದೆ. ಮಾರನೇ ದಿನ ನಾವೇ ಮತ್ತೆ ಒಳಗೆ ಹಾಕಿಕೊಳ್ಳುತ್ತೇವೆ, ಅಷ್ಟೇ.

ನಮಸ್ಕಾರ.