ಅಣುಶಕ್ತಿ ಸಂಶೋಧನೆಗೆ ಸಣ್ಣ ಕಂಪನಿಗೆ ದುಡ್ಡು ಕೊಡೋರು ಯಾರು? ಅಮೆರಿಕದ ಎಸ್‌ಬಿಐಆರ್ ಒಳಗೆ ಒಂದು ಸುತ್ತು

(ತೆರೆಯ ಮೇಲೆ: ರಿಯಾಕ್ಟರ್ ಇಂಧನ ಕೊಳವೆಯ ಚಿತ್ರ)

ನಮಸ್ಕಾರ. ಈ ಕೊಳವೆ ನೋಡಿ. ದಪ್ಪ ಸುಮಾರು ಒಂದು ಸೆಂಟಿಮೀಟರ್, ಉದ್ದ ಹತ್ತಿರ ಹತ್ತಿರ ನಾಲ್ಕು ಮೀಟರ್. ರಿಯಾಕ್ಟರ್ ಒಳಗೆ ಯುರೇನಿಯಂ ಬಿಲ್ಲೆಗಳನ್ನ ತುಂಬೋದು ಇಂಥದ್ದರಲ್ಲೇ. ಈಗ ಬಳಕೆಯಲ್ಲಿರೋದು ಜಿರ್ಕೋನಿಯಂ ಮಿಶ್ರಲೋಹ. ವಿಪರೀತ ಕಾದರೆ ಅದು ನೀರಿನ ಹಬೆ ಜೊತೆ ಸೇರಿ ಹೈಡ್ರೋಜನ್ ಬಿಡುತ್ತೆ. 2011ರಲ್ಲಿ ಫುಕುಶಿಮಾದ ಕಟ್ಟಡಗಳನ್ನ ಸಿಡಿಸಿದ್ದು ಹೈಡ್ರೋಜನ್ನೇ. ಹಾಗಾಗಿ ಸಿಲಿಕಾನ್ ಕಾರ್ಬೈಡ್ ಕೊಳವೆ ಮಾಡೋಣ ಅಂತ ಹಲವರು ಹೊರಟಿದ್ದಾರೆ. ಕೊಳವೆ ಮಾಡೋದು ಹೇಗೋ ಆಗುತ್ತೆ, ಆದರೆ ಅದರ ತುದಿಗೆ ಮುಚ್ಚಳ ಕೂರಿಸೋದೇ ತಲೆನೋವು. ಸೆರಾಮಿಕ್ ಅಲ್ವಾ, ಲೋಹದ ಹಾಗೆ ವೆಲ್ಡ್ ಮಾಡಕ್ಕೆ ಬರಲ್ಲ.

ಅಮೆರಿಕದ ಯಾವುದೋ ಆರು ಜನರ ಕಂಪನಿಗೆ ಈ ಜೋಡಣೆಗೆ ಒಂದು ಉಪಾಯ ಹೊಳೆದಿದೆ ಅಂತ ಇಟ್ಕೊಳ್ಳಿ. ಅದನ್ನ ಮಾಡಿ ನೋಡೋಕೆ ದುಡ್ಡು? ಬ್ಯಾಂಕು ಅಡಮಾನ ಕೇಳುತ್ತೆ. ಹೊಸ ಕಂಪನಿಗಳ ಶೇರಿಗೆ ದುಡ್ಡು ಹಾಕೋ ವೆಂಚರ್ ಕ್ಯಾಪಿಟಲ್‌ನವರು ಹಾಕಿದ ದುಡ್ಡು ಹತ್ತು ವರ್ಷದೊಳಗೆ ವಾಪಸ್ ಬರಬೇಕು ಅಂತಾರೆ. ಹೊಸ ಅಣು ಇಂಧನಕ್ಕೆ ಪರೀಕ್ಷೆ, ಪರವಾನಗಿ ಎಲ್ಲ ಮುಗಿಯೋ ಹೊತ್ತಿಗೆ ಇಪ್ಪತ್ತು ವರ್ಷ ಆದರೂ ಆಶ್ಚರ್ಯ ಇಲ್ಲ. ಲೆಕ್ಕ ಎಲ್ಲೂ ಕೂಡಿ ಬರಲ್ಲ.

ಇಲ್ಲಿ ಬರೋದು ಎಸ್‌ಬಿಐಆರ್, ಅಂದರೆ ಸ್ಮಾಲ್ ಬಿಸಿನೆಸ್ ಇನ್ನೊವೇಶನ್ ರಿಸರ್ಚ್. 1977ರಲ್ಲಿ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನಲ್ಲಿ ರೋಲಂಡ್ ಟಿಬೆಟ್ಸ್ ಅನ್ನೋ ಅಧಿಕಾರಿ ಇದನ್ನ ಸಣ್ಣದಾಗಿ ಶುರು ಮಾಡಿದರು. 1982ರಲ್ಲಿ ಅಧ್ಯಕ್ಷ ರೇಗನ್ ಸಹಿ ಬಿದ್ದು ದೇಶಕ್ಕೆಲ್ಲ ಕಾಯ್ದೆ ಆಯ್ತು. ಇದಕ್ಕೆ ಅಂತ ಬಜೆಟ್‌ನಲ್ಲಿ ಬೇರೆ ದುಡ್ಡು ಇಡಲ್ಲ. ಹೊರಗಿನವರಿಂದ ಸಂಶೋಧನೆ ಮಾಡಿಸೋಕೆ ವರ್ಷಕ್ಕೆ 10 ಕೋಟಿ ಡಾಲರ್‌ಗಿಂತ ಹೆಚ್ಚು ಖರ್ಚು ಮಾಡೋ ಪ್ರತಿ ಇಲಾಖೆಯೂ ಅದರಲ್ಲಿ ಶೇ. 3.2ರಷ್ಟನ್ನ ಸಣ್ಣ ಕಂಪನಿಗಳಿಗೆ ತೆಗೆದಿಡಬೇಕು. ದೊಡ್ಡ ಪ್ರಯೋಗಾಲಯಗಳಿಗೆ, ವಿಶ್ವವಿದ್ಯಾಲಯಗಳಿಗೆ ಹೋಗಬೇಕಾದ ದುಡ್ಡಿಂದ ಕಿತ್ತು ಕೊಡೋದು ಅಂತ ಗೊಣಗಾಟ ಇದ್ದೇ ಇದೆ. 1992ರಲ್ಲಿ ಇದಕ್ಕೊಂದು ತಮ್ಮ ಹುಟ್ಟಿತು, ಎಸ್‌ಟಿಟಿಆರ್. ಅದರಲ್ಲಿ ವಿಶ್ವವಿದ್ಯಾಲಯವೋ ಸಂಶೋಧನಾ ಸಂಸ್ಥೆಯೋ ಪಾಲುದಾರ ಆಗಲೇಬೇಕು.

(ತೆರೆಯ ಮೇಲೆ: ಫೇಸ್ 1, ಫೇಸ್ 2, ಫೇಸ್ 3)

ಅಮೆರಿಕದ ಇಂಧನ ಇಲಾಖೆ ಇದನ್ನ ಮೂರು ಹಂತದಲ್ಲಿ ಕೊಡುತ್ತೆ. ಮೊದಲ ಹಂತದಲ್ಲಿ, ಇತ್ತೀಚಿನ ವರ್ಷಗಳ ಲೆಕ್ಕದಲ್ಲಿ, ವಿಷಯಕ್ಕೆ ತಕ್ಕ ಹಾಗೆ ಸುಮಾರು 2 ಲಕ್ಷ ಇಲ್ಲವೇ 2.5 ಲಕ್ಷ ಡಾಲರ್. ಆರರಿಂದ ಹನ್ನೆರಡು ತಿಂಗಳೊಳಗೆ 'ಈ ಐಡಿಯಾ ನಡೆಯುತ್ತಾ, ಇಲ್ವಾ' ಅನ್ನೋದನ್ನ ತೋರಿಸಬೇಕು. ಎರಡನೇ ಹಂತದಲ್ಲಿ ಸುಮಾರು 11 ಲಕ್ಷ ಅಥವಾ 16 ಲಕ್ಷ ಡಾಲರ್, ಎರಡು ವರ್ಷ. ಮೂರನೇ ಹಂತದಲ್ಲಿ ಸೊನ್ನೆ. ಮಾರುಕಟ್ಟೆಗೆ ಒಯ್ಯೋ ಆ ಹಂತಕ್ಕೆ ಈ ಯೋಜನೆಯಿಂದ ಒಂದು ಡಾಲರೂ ಬರಲ್ಲ, ಬೇರೆ ಕಡೆಯಿಂದ ತರಬೇಕು.

ಇದು ಸಾಲ ಅಲ್ಲ, ತೀರಿಸೋ ಮಾತಿಲ್ಲ. ಸರ್ಕಾರ ಕಂಪನಿಯಲ್ಲಿ ಶೇರು ಕೇಳಲ್ಲ. ಪೇಟೆಂಟ್ ಕಂಪನಿಯ ಹೆಸರಲ್ಲೇ ಇರುತ್ತೆ, ಸರ್ಕಾರ ತನ್ನ ಕೆಲಸಕ್ಕೆ ರಾಯಲ್ಟಿ ಇಲ್ಲದೆ ಬಳಸೋ ಹಕ್ಕು ಇಟ್ಕೊಳ್ಳುತ್ತೆ, ಅಷ್ಟೇ.

ಈಗ ನನಗೆ ಬಹಳ ಇಷ್ಟವಾದ ಭಾಗ. ಸಬ್ರಿನಾ ಹೊವೆಲ್ ಅನ್ನೋ ಅರ್ಥಶಾಸ್ತ್ರಜ್ಞೆ ಇದೇ ಇಂಧನ ಇಲಾಖೆಯ ಎಸ್‌ಬಿಐಆರ್ ಅರ್ಜಿಗಳನ್ನ ಮುಂದಿಟ್ಟುಕೊಂಡು ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯ್ತು. ಅವರ ಉಪಾಯ ಚೆನ್ನಾಗಿದೆ. ಇಲಾಖೆ ಅರ್ಜಿಗಳಿಗೆ ರ್‍ಯಾಂಕ್ ಕೊಡುತ್ತಲ್ಲ, ಗೆರೆಗೆ ಸ್ವಲ್ಪ ಮೇಲಿದ್ದು ಗೆದ್ದವರನ್ನೂ ಸ್ವಲ್ಪ ಕೆಳಗಿದ್ದು ಸೋತವರನ್ನೂ ಹೋಲಿಸಿದರು. ಯೋಗ್ಯತೆ ಇಬ್ಬರದೂ ಹೆಚ್ಚುಕಮ್ಮಿ ಒಂದೇ, ಒಬ್ಬರಿಗೆ ದುಡ್ಡು ಸಿಕ್ಕಿದೆ, ಇನ್ನೊಬ್ಬರಿಗಿಲ್ಲ. ಮೊದಲ ಹಂತ ಗೆದ್ದ ಕಂಪನಿಗೆ ಮುಂದೆ ವೆಂಚರ್ ಕ್ಯಾಪಿಟಲ್ ಸಿಗೋ ಸಾಧ್ಯತೆ ಶೇ. 10ರಿಂದ ಶೇ. 19ಕ್ಕೆ ಏರಿತ್ತು. ಹತ್ತಿರ ಹತ್ತಿರ ದುಪ್ಪಟ್ಟು. ಹಲವು ಪಟ್ಟು ದೊಡ್ಡದಾದ ಎರಡನೇ ಹಂತದ ದುಡ್ಡಿಂದ? ಆ ವಿಷಯದಲ್ಲಿ ಹೇಳಿಕೊಳ್ಳೋ ಪರಿಣಾಮ ಕಾಣಲಿಲ್ಲ.

'ಸರ್ಕಾರದ ಮುದ್ರೆ ಬಿತ್ತು ಅಂತ ಹೂಡಿಕೆದಾರರು ನಂಬಿರಬೇಕು' ಅಂತ ನಿಮಗೆ ಅನಿಸಬಹುದು. ಹೊವೆಲ್ ಅವರ ವಾದ ಬೇರೆ. ಆ ದುಡ್ಡಲ್ಲಿ ಕಂಪನಿ ಏನೋ ಒಂದು ಮಾದರಿ ಕಟ್ಟಿ ಪರೀಕ್ಷೆ ಮಾಡಿರುತ್ತೆ. ಹೂಡಿಕೆದಾರರ ಮುಂದೆ ಕಾಗದದ ಬದಲು ಒಂದು ವಸ್ತು ಬರುತ್ತೆ, ಅನುಮಾನ ಕಡಿಮೆ ಆಗುತ್ತೆ. ಹಾಗಾಗಿ ನನ್ನ ಲೆಕ್ಕದಲ್ಲಿ ಈ ಇಡೀ ಯೋಜನೆಯ ಜೀವ ಇರೋದು ಆ ಮೊದಲ ಸಣ್ಣ ಚೆಕ್‌ನಲ್ಲಿ.

ಎ123 ಸಿಸ್ಟಮ್ಸ್ ಕಥೆ ನೋಡಿ. ಎಂಐಟಿಯಿಂದ 2001ರಲ್ಲಿ ಹೊರಬಂದ ಬ್ಯಾಟರಿ ಕಂಪನಿ. ಶುರುವಿನಲ್ಲಿ ಇಂಧನ ಇಲಾಖೆಯಿಂದ 1 ಲಕ್ಷ ಡಾಲರ್ ಎಸ್‌ಬಿಐಆರ್ ಸಿಕ್ಕಿತು, ಬಂಡವಾಳ ಹಿಂದೆಯೇ ಬಂತು. 2009ರಲ್ಲಿ ಅದೇ ಇಲಾಖೆ ಬೇರೊಂದು ಯೋಜನೆಯಲ್ಲಿ ಕಾರ್ಖಾನೆಗೆ ಅಂತ 24.9 ಕೋಟಿ ಡಾಲರ್ ಮಂಜೂರು ಮಾಡಿತು. 2012ರಲ್ಲಿ ಕಂಪನಿ ದಿವಾಳಿ, ಚೀನಾದ ವಾನ್‌ಶಿಯಾಂಗ್ ಪಾಲಾಯ್ತು. ಸಣ್ಣ ಚೆಕ್ ಬಾಗಿಲು ತೆರೆಸಿತ್ತು, ದೊಡ್ಡ ಚೆಕ್‌ನಿಂದ ಕಂಪನಿ ಉಳಿಯಲಿಲ್ಲ.

(ತೆರೆಯ ಮೇಲೆ: ಐಡಾಹೊ ನಕ್ಷೆ)

ಬ್ಯಾಟರಿ, ಸೋಲಾರ್‌ನವರಿಗೆ ಇಷ್ಟು ಸಾಕು. ಅಣುಶಕ್ತಿಯವರಿಗೆ ದುಡ್ಡು ಕೈಗೆ ಬಂದಮೇಲೂ ಒಂದು ಗೋಡೆ ಇದೆ. ನಮ್ಮ ಆ ಮುಚ್ಚಳದ ಜೋಡಣೆ ನ್ಯೂಟ್ರಾನ್ ಹೊಡೆತಕ್ಕೆ ತಡೆಯುತ್ತಾ ಅಂತ ನೋಡಬೇಕು. ಅದಕ್ಕೆ ರಿಯಾಕ್ಟರ್ ಬೇಕು. ಆರು ಜನರ ಕಂಪನಿ ಅದನ್ನ ಎಲ್ಲಿಂದ ತರುತ್ತೆ? ಐಡಾಹೊ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 1967ರಿಂದ ನಡೀತಿರೋ ಅಡ್ವಾನ್ಸ್‌ಡ್ ಟೆಸ್ಟ್ ರಿಯಾಕ್ಟರ್ ಇರೋದೇ ಇಂಥ ಪರೀಕ್ಷೆಗೆ. ಅಲ್ಲಿ ತಿಂಗಳುಗಟ್ಟಲೆ ಇಟ್ಟು ತೆಗೆದ ತುಂಡನ್ನ ಕೈಯಲ್ಲಿ ಮುಟ್ಟೋ ಹಾಗಿಲ್ಲ. ನಾಲ್ಕು ಅಡಿ ದಪ್ಪದ ಗೋಡೆ, ಅಷ್ಟೇ ದಪ್ಪದ ಕಿಟಕಿ, ಆಚೆಗೆ ಯಾಂತ್ರಿಕ ಕೈಗಳು. ಅದಕ್ಕೆ ಹಾಟ್ ಸೆಲ್ ಅಂತಾರೆ. ಜೋಡಣೆಯಲ್ಲಿ ಬಿರುಕು ಬಿಟ್ಟಿದೆಯಾ ಅಂತ ಗೊತ್ತಾಗೋದು ಅಲ್ಲಿಯೇ.

ಅದಕ್ಕೇ 2015ರಲ್ಲಿ ಇಂಧನ ಇಲಾಖೆಯ ಗೇನ್ ಅನ್ನೋ ವ್ಯವಸ್ಥೆ ಬಂತು. ಇದರಲ್ಲಿ ಕಂಪನಿಗೆ ಸಿಗೋದು ವೋಚರ್. ದುಡ್ಡು ನೇರ ಪ್ರಯೋಗಾಲಯಕ್ಕೆ ಹೋಗುತ್ತೆ, ಕಂಪನಿಗೆ ಅಲ್ಲಿನ ಯಂತ್ರ, ತಜ್ಞರ ಸಮಯ ಸಿಗುತ್ತೆ. ಕಂಪನಿ ಶೇ. 20ರಷ್ಟು ಪಾಲು ಹಾಕಬೇಕು, ಅದನ್ನ ಕೆಲಸದ ರೂಪದಲ್ಲೂ ಕೊಡಬಹುದು. ಅಣುಶಕ್ತಿಯಲ್ಲಿ ಕೈ ಹಾಕೋರು ಎಸ್‌ಬಿಐಆರ್ ಜೊತೆಗೇ ಇದರ ಮೇಲೂ ಕಣ್ಣಿಡಬೇಕು. ಪರವಾನಗಿ ಕೊಡೋ ಅಣು ನಿಯಂತ್ರಣ ಆಯೋಗ ಅರ್ಜಿ ಓದೋಕೂ ಗಂಟೆ ಲೆಕ್ಕದಲ್ಲಿ ಶುಲ್ಕ ತಗೊಳ್ಳುತ್ತೆ, ಗಂಟೆಗೆ 300 ಡಾಲರ್ ಮೇಲೆ. ಮುಂದುವರಿದ ರಿಯಾಕ್ಟರ್‌ಗಳಿಗೆ ಇದನ್ನ ಇಳಿಸೋಕೆ ಅಂತ 2024ರಲ್ಲಿ ಅಡ್ವಾನ್ಸ್ ಆ್ಯಕ್ಟ್ ತಂದರು.

ಯಾರು ಅರ್ಜಿ ಹಾಕಬಹುದು? ಲಾಭಕ್ಕಾಗಿ ನಡೆಯೋ ಕಂಪನಿ, 500ಕ್ಕಿಂತ ಹೆಚ್ಚು ಜನ ಇರಬಾರದು, ಅರ್ಧಕ್ಕಿಂತ ಹೆಚ್ಚಿನ ಒಡೆತನ ಸಾಮಾನ್ಯವಾಗಿ ಅಮೆರಿಕದ ನಾಗರಿಕರದ್ದೋ ಗ್ರೀನ್ ಕಾರ್ಡ್‌ನವರದ್ದೋ ಆಗಿರಬೇಕು. ಎಚ್-1ಬಿ ಕೆಲಸದ ವೀಸಾದಲ್ಲಿ ಇರೋರು ಒಬ್ಬರೇ ಒಡೆಯರಾಗಿ ಹೊರಟರೆ ಆಗಲ್ಲ. ಮೊದಲ ಹಂತದಲ್ಲಿ ಮೂರರಲ್ಲಿ ಎರಡು ಪಾಲು ಕೆಲಸ ಕಂಪನಿಯೇ ಮಾಡಬೇಕು.

ಅರ್ಜಿಯಲ್ಲಿ ಜನ ಎಡವೋದು ವಿಜ್ಞಾನದಲ್ಲಲ್ಲ. ಇಲಾಖೆ ಮೊದಲು ವಿಷಯಗಳ ಪಟ್ಟಿ ಬಿಡುತ್ತೆ. ಪ್ರತಿ ಉಪವಿಷಯದ ಕೆಳಗೆ ಯಾರನ್ನ ಕೇಳಬೇಕು ಅಂತ ಹೆಸರು, ಇಮೇಲ್ ಇರುತ್ತೆ. ನಿಮ್ಮ ಐಡಿಯಾ ಆ ಸಾಲುಗಳೊಳಗೆ ಬರುತ್ತಾ ಅಂತ ಅವರನ್ನೇ ಕೇಳಿ, ಸಂಕೋಚ ಬೇಡ. ಆಮೇಲೆ ಲೆಟರ್ ಆಫ್ ಇಂಟೆಂಟ್, ಅಂದರೆ ಅರ್ಜಿ ಹಾಕ್ತೀವಿ ಅಂತ ಮೊದಲೇ ತಿಳಿಸೋ ಪತ್ರ, ಕಡ್ಡಾಯ. ಅದರ ಗಡುವು ತಪ್ಪಿದರೆ ಪೂರ್ತಿ ಅರ್ಜಿ ಎಷ್ಟೇ ಚೆನ್ನಾಗಿರಲಿ, ತಗೊಳ್ಳಲ್ಲ.

ಇನ್ನೊಂದು ಎಚ್ಚರಿಕೆ. ಈ ಯೋಜನೆಗೆ 2022ರಲ್ಲಿ ಕೊಟ್ಟ ಅವಧಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು, ಅಮೆರಿಕದ ಸಂಸತ್ತು ಅಷ್ಟರೊಳಗೆ ನವೀಕರಿಸಲಿಲ್ಲ. ವರ್ಷಗಟ್ಟಲೆ ಇದೇ ಅನುದಾನದಲ್ಲಿ ಬದುಕೋ ಕಂಪನಿಗಳಿಗೆ ಮಿತಿ ಹಾಕಬೇಕಾ ಅನ್ನೋದು ಜಗಳದ ಒಂದು ಕಾರಣ. ಹಾಗಾಗಿ ಹೊಸ ಪ್ರಕಟಣೆ, ಹೊಸ ಮೊತ್ತ ಏನು ಅಂತ ಇಲಾಖೆಯ ಜಾಲತಾಣದಲ್ಲೇ ನೋಡಿ.

ಕಾಯೋ ಹೊತ್ತಲ್ಲಿ ಮಾಡಿಟ್ಟುಕೊಳ್ಳೋ ಕೆಲಸ ಒಂದಿದೆ: ಸ್ಯಾಮ್ ಡಾಟ್ ಗವ್ (SAM.gov) ಅನ್ನೋ ಅಮೆರಿಕ ಸರ್ಕಾರದ ಜಾಲತಾಣದಲ್ಲಿ ನೋಂದಣಿ. ಅದಿಲ್ಲದೆ ಕೇಂದ್ರ ಸರ್ಕಾರದ ಅನುದಾನ ಇಲ್ಲ. ಕಂಪನಿಯ ಹೆಸರು, ವಿಳಾಸ ದಾಖಲೆಗಳಲ್ಲಿ ಒಂದೊಂದು ಥರ ಇದ್ದರೆ ಅಲ್ಲೇ ವಾರಗಟ್ಟಲೆ ಸಿಕ್ಕಿಕೊಳ್ಳುತ್ತೆ. ವರ್ಷ ವರ್ಷ ನವೀಕರಿಸಬೇಕು. ನೋಂದಣಿ ಪೂರ್ತಿ ಉಚಿತ. 'ಇಷ್ಟು ಡಾಲರ್ ಕಟ್ಟಿ, ನಾವು ಮಾಡಿಸಿಕೊಡ್ತೀವಿ' ಅಂತ ಇಮೇಲ್ ಬಂದರೆ ಅದು ಖಾಸಗಿ ದಲ್ಲಾಳಿಗಳದ್ದು, ಸರ್ಕಾರದ್ದಲ್ಲ.